ಗೋಡೆಯಂತೆ ಏರಿದ ಗೆರೆ

ವಾಟ್ಸಾಪಿನಲ್ಲಿ ಹರಿದಾಡುವ ಷೇರುಪೇಟೆಯ ನಕ್ಷೆಗಳಲ್ಲಿ ಅಂಕಿಗಳು ಸರಿಯಾಗಿಯೇ ಇರುತ್ತವೆ. ಆದರೂ ಕಣ್ಣಿಗೆ ಮಣ್ಣೆರಚುತ್ತವೆ. ಇವತ್ತು ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ವ್ಯಾಪಾರದ ಕಾಕಾ ಅಂಥದ್ದೊಂದನ್ನು ತೋರಿಸಿ, "ತಮ್ಮಾ, ಗೋಳಗುಮ್ಮಟದ ಗೋಡೆಯಂತೆ ನೆಟ್ಟಗೆ ಏರಿದೆಯಲ್ಲ, ಈಗ ಹಣ ಹಾಕಿದರೆ ಹೇಗೆ?" ಎಂದರು.

ಅದು ಸೆನ್ಸೆಕ್ಸ್, ಮುಂಬೈ ಷೇರುಪೇಟೆಯ ಸೂಚ್ಯಂಕ. 1990ರಲ್ಲಿ 1,000 ಮುಟ್ಟಿದ್ದು 2024ರಲ್ಲಿ 80,000 ದಾಟಿತು. ಪ್ರತಿ ಸಾವಿರಕ್ಕೂ ಒಂದೇ ಎತ್ತರ ಕೊಡುವ ಸಾಮಾನ್ಯ ಅಳತೆಯಲ್ಲಿ ಬರೆದರೆ 1992ರ ಹರ್ಷದ್ ಮೆಹ್ತಾ ಷೇರು ಹಗರಣದ ಕುಸಿತ ಕಾಣುವುದೇ ಇಲ್ಲ. 4,400 ದಾಟಿದ್ದ ಸೂಚ್ಯಂಕ ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕಿಳಿದಿತ್ತು!

ತೂಕದ ಚೀಟಿಯ ಹಿಂದೆ ಲಾಗರಿದಮ್ ಅಳತೆಯಲ್ಲಿ ಗೀಚಿ ತೋರಿಸಿದೆ. ಇದರಲ್ಲಿ 1,000ದಿಂದ 2,000ಕ್ಕೆ ಎಷ್ಟು ಎತ್ತರವೋ 40,000ದಿಂದ 80,000ಕ್ಕೂ ಅಷ್ಟೇ. ಗೋಡೆ ಹೋಗಿ ದಿಣ್ಣೆಯಾಯಿತು, ಹೊಂಡಗಳು ಎದ್ದು ಕಂಡವು. ಕಾಕಾರ ಬೆರಳು 2008ರ ಮೇಲೆ ನಿಂತಿತು: ಜನವರಿಯಲ್ಲಿ 21,000, ಅಕ್ಟೋಬರಿನಲ್ಲಿ 8,000ಕ್ಕೂ ಕೆಳಗೆ.

"ಇದನ್ನು ಯಾರೂ ಕಳುಹಿಸುವುದಿಲ್ಲವಲ್ಲ!"

ಮಾರಲು ಕೂತವರು ಯಾಕೆ ಕಳುಹಿಸುತ್ತಾರೆ? ಹಣ ಹಾಕುವುದು, ಬಿಡುವುದು ಕಾಕಾರಿಗೆ ಸೇರಿದ್ದು. ಒಣದ್ರಾಕ್ಷಿ ದರದ ನಕ್ಷೆಯನ್ನೂ ಹೀಗೆಯೇ ಬರೆದುಕೊಡು ಎಂದು ಹಳೆಯ ಲೆಕ್ಕದ ಪುಸ್ತಕಗಳನ್ನು ಹೊರಿಸಿ ಕಳುಹಿಸಿದ್ದಾರೆ. ಅಕ್ಷರ ಮಾತ್ರ ಬ್ರಹ್ಮಲಿಪಿ.