ವರದಿಯಲ್ಲಿ ‘ಬಿಡಿಎಲ್’ ಎಂದು ಬರೆದ ದಿನ

ಧಾರವಾಡದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನೀರು, ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಗದಗದ ಕಡೆಯ ಕೊಳವೆಬಾವಿ ನೀರಾದರೆ ಫ್ಲೋರೈಡ್ ನೋಡಬೇಕು, ನವಲಗುಂದದ ಕಡೆಯದಾದರೆ ಉಪ್ಪಿನಂಶ. ಸೀಸ, ಕ್ಯಾಡ್ಮಿಯಂ ನೋಡಿಕೊಡಿ ಎಂದು ಕೇಳಿಕೊಂಡು ಬರುವವರು ಅಪರೂಪ. ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ದೊಡ್ಡ ಸ್ಥಾವರ ನಮ್ಮ ಕಡೆ ಇಲ್ಲವಲ್ಲ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಸ್ಥಾವರದ ಬೂದಿಹೊಂಡದ ಪಕ್ಕದ ಹಳ್ಳಿಯಿಂದ ಹಿರಿಯರೊಬ್ಬರು ಬಂದರು. ಮೊಮ್ಮಗನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ತೋರಿಸಲು ಬಂದವರು, ಬಂದ ದಾರಿಯಲ್ಲೇ ನೀರನ್ನೂ ತೋರಿಸಿಬಿಡೋಣ ಎಂದುಕೊಂಡಿದ್ದರು. ಚೀಲದಿಂದ ತಂಪು ಪಾನೀಯದ ಎರಡು ಲೀಟರ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ನೀರು ತುಂಬಿ ಎಂಟು ದಿನವಾಗಿತ್ತಂತೆ. ಮುಚ್ಚಳದ ಒಳಗೆ ಕಿತ್ತಳೆ ಬಣ್ಣ ಇನ್ನೂ ಅಂಟಿಕೊಂಡಿತ್ತು. ಆಗಲೇ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಎರಡು ದಿನದಲ್ಲಿ ವರದಿ ಸಿದ್ಧವಾಯಿತು. ಸೀಸದ ಮುಂದೆ ‘ಬಿಡಿಎಲ್’, ಕ್ಯಾಡ್ಮಿಯಂ ಮುಂದೆಯೂ ‘ಬಿಡಿಎಲ್’. ಯಂತ್ರ ಗುರುತಿಸಬಲ್ಲ ಮಟ್ಟಕ್ಕಿಂತ ಕೆಳಗೆ ಎಂದು ಅದರ ಅರ್ಥ.

“ಅಂದರೆ ವಿಷ ಇಲ್ಲ ಎಂದಾಯಿತಲ್ಲವೇ, ಸಾಹೇಬರೇ?”

“ಇಲ್ಲ ಅಜ್ಜ, ಚಿಂತೆ ಬಿಡಿ. ಬೇಕಾದರೆ ಕುದಿಸಿ ಕುಡಿಯಿರಿ.”

ಒಂದೇ ಉಸಿರಿಗೆ ಎರಡು ತಪ್ಪು ಮಾತು. ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸಕ್ಕೆ ಸಾವಿಲ್ಲ. ಆವಿಯಾಗಿ ನೀರು ಕಡಿಮೆಯಾಗುತ್ತದೆ, ಪಾತ್ರೆಯಲ್ಲಿ ಸೀಸ ಅಷ್ಟಕ್ಕಷ್ಟೇ ಉಳಿಯುತ್ತದೆ.

ಇನ್ನೊಂದು ತಪ್ಪನ್ನು ನಮ್ಮ ಹಿರಿಯ ಮೇಡಂ ಸಂಜೆ ಸಹಿ ಪ್ರತಿಗಳನ್ನು ತಿರುವಿಹಾಕುವಾಗ ಹಿಡಿದರು. “ನಮ್ಮ ಯಂತ್ರ ಸೀಸವನ್ನು ಎಷ್ಟರಿಂದ ನಂಬಿಕೆಯಾಗಿ ಅಳೆಯುತ್ತದೆ?” ಎಂದು ಕೇಳಿದರು. ಜ್ವಾಲೆಯಲ್ಲಿ ಅಳೆಯುವ ನಮ್ಮ ಎಎಎಸ್‌ನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಸೀಸದ ಮಿತಿ 0.01. ಮಿತಿಯ ಐದು ಪಟ್ಟು ಸೀಸವಿದ್ದರೂ ನನ್ನ ವರದಿ ‘ಬಿಡಿಎಲ್’ ಎಂದೇ ಹೇಳುತ್ತಿತ್ತು. ಕ್ವಿಂಟಲ್ ತೂಗುವ ಕಾಟಾದ ಮೇಲೆ ಚಿನ್ನದ ಉಂಗುರವಿಟ್ಟು ತೂಕವೇ ಇಲ್ಲ ಎಂದಂತೆ. ಸಾಲದ್ದಕ್ಕೆ ಆ ಬಾಟಲಿಗೆ ನೈಟ್ರಿಕ್ ಆಮ್ಲವನ್ನೇ ಹಾಕಿರಲಿಲ್ಲ. ಆಮ್ಲವಿಲ್ಲದೆ ಇಟ್ಟರೆ ಲೋಹ ಬಾಟಲಿಯ ಗೋಡೆಗೆ ಹತ್ತಿಕೊಳ್ಳುತ್ತದೆ, ನೀರಿನಲ್ಲಿ ಸಿಗುವುದಿಲ್ಲ. ಇದನ್ನು ಓದಿ ಪರೀಕ್ಷೆ ಪಾಸಾದವನೇ ನಾನು.

ಫೋನ್ ಮಾಡಿದಾಗ ಅಜ್ಜ ಆಗಲೇ ಊರು ಸೇರಿದ್ದರು. ನೀರು ಚೆನ್ನಾಗಿದೆಯಂತೆ ಎಂದು ಓಣಿಗೆಲ್ಲ ಹೇಳಿಯೂ ಆಗಿತ್ತು. ಸೀಸದ ವಿಷಯ ಹೇಳತೊಡಗಿದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕಮಕ್ಕಳ ಮೈ ಹೀರಬಲ್ಲದು. ಅದು ಮೂಳೆಯಲ್ಲಿ ಕೂರುತ್ತದೆ, ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ನಡುವೆ ಅವರೇ ಮಾತು ತಡೆದರು: “ಹುಡುಗ ದಿನವೂ ಕಟ್ಟೆಯ ಮೇಲೆ ಬಿದ್ದ ಬೂದಿಯಲ್ಲಿ ಬೆರಳಾಡಿಸಿ ಚಿತ್ರ ಬರೆಯುತ್ತಾನೆ, ಸಾಹೇಬರೇ.”

ನೀರಿನ ಗುಂಗಿನಲ್ಲಿ ನಾನು ಬೂದಿಯನ್ನು ಕೇಳಿಯೇ ಇರಲಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಭಾಗ ಬೂದಿ. ಇಂಗಾಲ ಉರಿದು ಹೋಗುತ್ತದೆ, ಚೂರುಪಾರು ಇದ್ದ ಸೀಸ, ಆರ್ಸೆನಿಕ್, ಕ್ರೋಮಿಯಂ ಬೂದಿಯಲ್ಲಿ ಒಟ್ಟಾಗುತ್ತವೆ. ಪಾದರಸದ ಬಹುಪಾಲು ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಒಣಗಿದ ಹೊಂಡದಿಂದ ಗಾಳಿಗೆದ್ದ ಬೂದಿ ಮೊದಲು ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ. ಕಟ್ಟೆಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮೊದಲು ಹುಡುಗನ ಕೈ ತೊಳೆಸಿ, ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸ ನೋಡಿಸಿ ಎಂದೆ. ಮೊದಲ ದಿನ ಎದುರಿಗೆ ಕೂತಿದ್ದಾಗಲೇ ಹೇಳಬಹುದಾಗಿದ್ದ ಮಾತು.

ಆಮ್ಲದಲ್ಲಿ ತೊಳೆದ ಬಾಟಲಿಗಳನ್ನು ಬಸ್ಸಿನಲ್ಲಿ ಕಳಿಸಿದೆ. ನೀರು ಬಂದೊಡನೆ ಆಮ್ಲ ಹಾಕಿ, ಇನ್ನೂ ಸೂಕ್ಷ್ಮವಾಗಿ ಅಳೆಯುವ ಐಸಿಪಿ-ಎಂಎಸ್ ಯಂತ್ರವಿರುವ ಬೇರೆ ಪ್ರಯೋಗಾಲಯಕ್ಕೆ ಕೊಟ್ಟೆವು. ಕ್ಯಾಡ್ಮಿಯಂ ಮಿತಿಯೊಳಗೆ, ಸೀಸ ಮಿತಿಗಿಂತ ತುಸು ಮೇಲೆ. ಬೂದಿಯದೇ ಎನ್ನಲು ಒಂದು ಬಾವಿಯ ನೀರು ಸಾಲದು. ಹಿತ್ತಾಳೆ ನಲ್ಲಿಯೂ ಹಳೆಯ ಪಿವಿಸಿ ಪೈಪೂ ಸೀಸ ಬಿಡುತ್ತವೆ. ಹೊಂಡದಿಂದ ದೂರದ ಬಾವಿಗಳ ನೀರೂ ಬೇಕೆಂದು ಅಜ್ಜನಿಗೆ ತಿಳಿಸಿದೆ. ಅಲ್ಲಿಯವರೆಗೆ ಕುಡಿಯಲು ಬೇರೆ ನೀರು ತರುತ್ತೇವೆ ಎಂದರು.

ಈಗ ನಮ್ಮ ವರದಿಗಳಲ್ಲಿ ‘ಬಿಡಿಎಲ್’ ಇಲ್ಲ. ‘0.1ಕ್ಕಿಂತ ಕಡಿಮೆ, ಮಾನಕದ ಮಿತಿ 0.01’ ಎಂದು ಎರಡೂ ಅಂಕಿ ಇರುತ್ತವೆ. ಅದನ್ನು ಓದಿದ ಗ್ರಾಹಕರು ಹಾಗಾದರೆ ನಿಮ್ಮ ಪರೀಕ್ಷೆಯಿಂದ ಏನು ಉಪಯೋಗ ಎಂದು ಜಗಳಕ್ಕೆ ಬರುತ್ತಾರೆ. ಬೇರೆ ಪ್ರಯೋಗಾಲಯದ ವಿಳಾಸ ಬರೆದು ಕೊಡುತ್ತೇನೆ.

ಕಳೆದ ವಾರ ಅಜ್ಜನ ಊರಿನಿಂದ ಮತ್ತೆ ಮೂರು ಬಾಟಲಿ ಬಂದವು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಯಾರ ಬಾವಿ, ಎಷ್ಟು ಹೊತ್ತು ಪಂಪ್ ಓಡಿಸಿದ ಮೇಲೆ ತುಂಬಿದ್ದು ಎಂದೆಲ್ಲ ಬರೆದಿದೆ. ಅಕ್ಷರ ಮೊಮ್ಮಗನದಂತೆ.