ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದ ತಿಮ್ಮಯ್ಯ

ಜನರಲ್ ಕೆ.ಎಸ್. ತಿಮ್ಮಯ್ಯ ಎಂದೊಡನೆ 1957ರಿಂದ 1961ರವರೆಗೆ ಅವರು ವಹಿಸಿದ್ದ ಭೂಸೇನಾ ಮುಖ್ಯಸ್ಥರ ಹುದ್ದೆ, 1959ರಲ್ಲಿ ಕೊಟ್ಟು ಹಿಂಪಡೆದ ರಾಜೀನಾಮೆ ಇವೇ ಮಾತಿಗೆ ಬರುತ್ತವೆ. ಅವರ ಕಸುಬುಗಾರಿಕೆ ಅರಿಯಬೇಕಾದರೆ ಕಾಶ್ಮೀರದಿಂದ ಲಡಾಖಿಗೆ ಹೋಗುವ ಕಣಿವೆದಾರಿ ಜೋಜಿಲಾದಲ್ಲಿ 1948ರಲ್ಲಿ ನಡೆದ ಕಾರ್ಯಾಚರಣೆಯನ್ನೇ ನೋಡಬೇಕು.

ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಬ್ರಿಟನ್ನಿನ ಸೇನಾ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಸೇನಾಧಿಕಾರಿಯಾಗಿ ಕಮಿಷನ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್‌ನಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ನಡೆಸಿ ಬ್ರಿಟಿಷ್ ಸೇನಾ ಪದಕ ಡಿಎಸ್ಒ ಗಳಿಸಿದರು.

1948ರಲ್ಲಿ ಕಾಶ್ಮೀರದ ಡಿವಿಷನ್ ಅವರ ಕೈಯಲ್ಲಿತ್ತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಲಡಾಖಿನ ಲೇಹ್‌ನ ಕಚ್ಚಾ ರನ್‌ವೇಯಲ್ಲಿ ಮೊದಲ ಡಕೋಟಾ ಇಳಿಸಿದಾಗ ತಿಮ್ಮಯ್ಯನವರೂ ಆ ವಿಮಾನದಲ್ಲಿದ್ದರು. ಆದರೆ ಲೇಹ್ ಉಳಿಯಲು ನೆಲದ ದಾರಿ ಬೇಕು. ಆ ದಾರಿಗೆ ಅಡ್ಡವಾಗಿ, ಸುಮಾರು 11,500 ಅಡಿ ಎತ್ತರದ ಜೋಜಿಲಾದಲ್ಲಿ ಪಾಕಿಸ್ತಾನದ ಕಡೆಯ ಶತ್ರು ಕುಳಿತಿದ್ದ. ಸೆಪ್ಟೆಂಬರಿನಲ್ಲಿ ಪದಾತಿ ದಳದ ದಾಳಿ ವಿಫಲವಾಯಿತು. ಮೆಷಿನ್ ಗನ್‌ಗಳು ಬಂಡೆಯ ಗುಹೆ, ಬಂಕರುಗಳಲ್ಲಿ ಅಡಗಿದ್ದವು. ದೂರದ ಫಿರಂಗಿಯ ಗುಂಡು ಮೇಲಿನಿಂದ ಬಿದ್ದರೆ ಒಳಗಿದ್ದವನಿಗೆ ತಾಗುವುದಿಲ್ಲ. ಹತ್ತಿರ ಹೋಗಿ ಬಂಕರಿನ ಕಿಂಡಿಗೇ ನೇರ ಹೊಡೆಯುವ ತೋಪು ಬೇಕಿತ್ತು. ಅದಕ್ಕೇ ಟ್ಯಾಂಕ್.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ತಲಾ 15 ಟನ್ನಿನಷ್ಟು ತೂಕದವು, 37 ಮಿ.ಮೀ. ತೋಪಿನವು. ಅವನ್ನು ಜಮ್ಮು ಕಡೆಯಿಂದ ತರುವಾಗ ತೋಪು ಕೂರಿಸಿದ ಮೇಲ್ಭಾಗವಾದ ಟರೆಟ್ ಬಿಚ್ಚಿ ಬೇರೆಯಾಗಿ ಸಾಗಿಸಿದರು. ಇದರಿಂದ ಎರಡು ಲಾಭ: ದುರ್ಬಲ ಸೇತುವೆಗಳ ಮೇಲಿನ ಭಾರ ಇಳಿಯಿತು, ನೋಡಿದವರಿಗೆ ಟ್ಯಾಂಕೆಂಬ ಗುಟ್ಟೂ ತಿಳಿಯಲಿಲ್ಲ. ಗುಟ್ಟು ರಟ್ಟಾಗಿದ್ದರೆ ಟ್ಯಾಂಕ್ ಒಡೆಯುವ ಅಸ್ತ್ರ ಮೇಲೆ ಬಂದು ಕೂರುತ್ತಿತ್ತು.

ನನ್ನ ಮಟ್ಟಿಗೆ ಈ ಗೆಲುವಿನ ಅರ್ಧ ಪಾಲು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ಗೆ ಸಲ್ಲಬೇಕು, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಪಡೆಗೆ. ಕಣಿವೆದಾರಿಯ ಬುಡದಲ್ಲಿರುವ ಬಾಲ್ಟಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆ ನಡೆಯುವಷ್ಟು ಅಗಲದ ದಾರಿ. ಶತ್ರುವಿನ ಗುಂಡಿನ ಅಳತೆಯಲ್ಲೇ ಬಂಡೆ ಸಿಡಿಸಿ, ಅದನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದರು. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಇನ್ನೂ ತಡವಾಗಿದ್ದರೆ ಹಿಮ ಕಣಿವೆಯನ್ನೇ ಮುಚ್ಚುತ್ತಿತ್ತು.

ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಮೇಲೇರಿದವು, ತಿಮ್ಮಯ್ಯನವರೂ ಮುಂಚೂಣಿಯಲ್ಲೇ ಇದ್ದರು. ಬಂಕರುಗಳು ಒಂದೊಂದಾಗಿ ಮೌನವಾದವು. ಅದೇ ದಿನ ಪದಾತಿ ದಳ ಜೋಜಿಲಾದ ಆಚೆಗಿನ ಗುಮ್ರಿ ಬಯಲು ತಲುಪಿತು. ನವೆಂಬರ್ ಮಧ್ಯಕ್ಕೆ ದ್ರಾಸ್ ಕೈಸೇರಿತು, 24ರ ಹೊತ್ತಿಗೆ ಕಾರ್ಗಿಲ್ ದಾಟಿ ಲೇಹ್‌ನ ದಾರಿ ಮತ್ತೆ ಕೂಡಿಕೊಂಡಿತು.