ಕೂವೆಕಂಬ ನಿಲ್ಲಿಸಿದ ರಾತ್ರಿ

ಮೂಡಿಗೆರೆಯಲ್ಲಿ ಆಷಾಢದ ಮಳೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಬೆಳಗಾದರೆ ಶಾಲೆಗೆ ಹಾಯಿಹಡಗಿನ ಮಾದರಿ ಬೇಕು ಅಂತ ಮಗ ಬಾಯಿ ಬಿಟ್ಟದ್ದು ರಾತ್ರಿ ಏಳಕ್ಕೆ. ಕಡಲು ನೋಡಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕಾದ ನಾವು ಹಡಗು ಕಟ್ಟುವುದೇ!

ಮೊಬೈಲಿನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲಿ ಐಎನ್‌ಎಸ್ ತರಂಗಿಣಿಯ ಫೋಟೊ ಸಿಕ್ಕಿತು. ಗೋವಾದಲ್ಲಿ ಕಟ್ಟಿ, 1997ರಲ್ಲಿ ನೌಕಾಪಡೆಗೆ ಸೇರಿದ ತರಬೇತಿ ಹಡಗು. ಮೂರು ಕೂವೆಕಂಬ, ಅಂದರೆ ಹಾಯಿ ಕಟ್ಟುವ ಕಂಬ. ಮುಂದಿನ ಎರಡಕ್ಕೆ ಯಾರ್ಡ್ ಎನ್ನುವ ಅಡ್ಡಮರಗಳು, ಅವುಗಳಿಂದ ಚೌಕ ಹಾಯಿ ಇಳಿಬೀಳುತ್ತದೆ. ಹಿಂದಿನದಕ್ಕೆ ಅಡ್ಡಮರವಿಲ್ಲ, ಹಾಯಿ ಹಡಗಿನ ಉದ್ದಕ್ಕೇ ನಿಲ್ಲುತ್ತದೆ.

"ಕೂವೆ ಎಲ್ಲಿಡೋದು?" ಎಂದು ನಾನು ಮಗನನ್ನು ಕೇಳಿದರೆ ಒಳಗಿನಿಂದ ಅಮ್ಮ, "ಮೇಲಿನ ಡಬ್ಬೀಲಿದೆ, ಯಾರಿಗೆ ಹೊಟ್ಟೆ ಕೆಟ್ಟಿದೆ?" ಎಂದರು. ನಮ್ಮ ಕಡೆ ಕೂವೆ ಅಂದರೆ ಗಂಜಿ ಕಾಸುವ ಹಿಟ್ಟು, ಅಲ್ವಾ!

ಅಡಿಕೆ ಹಾಳೆಯ ಒಡಲು, ಬಿದಿರು ಕಡ್ಡಿಯ ಕಂಬ. ಅಂಟು ಸುರಿದು ನಿಲ್ಲಿಸಿದೆ. ಬಿತ್ತು. ಇನ್ನೂ ಜಾಸ್ತಿ ಸುರಿದೆ. ಮತ್ತೆ ಬಿತ್ತು.

ಸುಮ್ನೆ ನೋಡುತ್ತಿದ್ದ ಅಪ್ಪ, "ಆಂಟೆನಾ ಪೈಪನ್ನು ಅಂಟಲ್ಲಿ ನಿಲ್ಲಿಸಿದ್ವಾ?" ಎಂದರು. ದೂರದರ್ಶನ ಹಿಡಿಯಲು ಹೆಂಚಿಗಿಂತ ಎಷ್ಟೋ ಮೇಲೆ ಪೈಪ್ ಏರಿಸಿ, ಮೂರು ದಿಕ್ಕಿಗೆ ತಂತಿ ಎಳೆದು ಕಟ್ಟಿದ್ದ ಕಾಲ ನೆನಪಾಯಿತು. ಫೋಟೊ ಹಿಗ್ಗಿಸಿ ನೋಡಿದರೆ ಅಲ್ಲೂ ಅದೇ! ಎಡಬಲಕ್ಕೆ ವಾಲದಂತೆ ಶ್ರೌಡ್, ಹಿಂದೆಮುಂದೆ ವಾಲದಂತೆ ಸ್ಟೇ. ಶ್ರೌಡ್‌ಗಳಿಗೆ ಅಡ್ಡ ಕಟ್ಟಿದ ಹಗ್ಗಗಳೇ ನಾವಿಕರ ಏಣಿ, ಅದು ರ‍್ಯಾಟ್‌ಲೈನ್. ಇನ್ನು ಶೀಟ್ ಅಂದರೆ ಹಾಯಿಯ ಬಟ್ಟೆ ಅಂತ ತಿಳಿದಿದ್ದೆ. ಅಲ್ಲ, ಹಾಯಿಯ ಕೆಳಮೂಲೆ ಎಳೆದು ಹಿಡಿಯುವ ಹಗ್ಗವಂತೆ. ಯಾರಿಟ್ಟ ಹೆಸರೋ!

ಕಾಫಿ ಚೀಲದ ಸೆಣಬಿನ ನೂಲು ಬಿಚ್ಚಿದೆವು. ಕಷ್ಟ ಇದ್ದದ್ದು ಇಲ್ಲೇ. ಎಡಕ್ಕೆ ಬಿಗಿದರೆ ಬಲದ್ದು ಕಿತ್ತುಬರುತ್ತದೆ, ಮುಂದಿನದು ಎಳೆದರೆ ಹಿಂದಿನದು ಸಡಿಲ. ಒಂದೊಂದೇ ಗಂಟು ಚೂರು ಚೂರೇ ಬಿಗಿಯುತ್ತಾ ಹನ್ನೊಂದೂವರೆಗೆ ಮೂರೂ ಕಂಬ ನಿಂತವು. ಅಂಟಿಲ್ಲದೆ.

ಬೆಳಿಗ್ಗೆ ಮಳೆ ರಜೆ ಘೋಷಣೆಯಾಯಿತು. ಜಗುಲಿಯಲ್ಲಿಟ್ಟ ಹಡಗಿಗೆ ಒಂದು ಕಡೆಯಿಂದ ಇರಚಲು ಹೊಡೆದಿತ್ತು. ನೆಂದ ನೂಲು ಉಬ್ಬಿ ಗಿಡ್ಡವಾಗಿ ಕಂಬಗಳನ್ನು ಅತ್ತಲೇ ಎಳೆದುಕೊಂಡಿತ್ತು. ಹಿಂದಿನ ನಾವಿಕರೂ ಮಳೆ ಬಂದರೆ ಹಗ್ಗ ಸಡಿಲಿಸುತ್ತಿದ್ದರಂತೆ. ನಾನು ಕಾಫಿ ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅಪ್ಪ ಕನ್ನಡಕ ಏರಿಸಿಕೊಂಡು ಕೂತು ಗಂಟು ಬಿಚ್ಚುತ್ತಿದ್ದರು.